ಬಣ್ಣ ಬಂದ ಹಳೆಯ ಲಿಂಕನ್ ಸೆಂಟ್: ಆರಿಸುವುದು ಹೇಗೆ, ಗ್ರೇಡ್ ಮಾಡುವುದು ಹೇಗೆ

ನೀಲಿ, ನೇರಳೆ, ಗುಲಾಬಿ ಬಣ್ಣ ಮಿನುಗುವ ಲಿಂಕನ್ ಸೆಂಟ್, ಅಂದರೆ ಲಿಂಕನ್ ಮುಖವಿರುವ ಅಮೆರಿಕದ ಒಂದು ಸೆಂಟಿನ ನಾಣ್ಯ, ಹರಾಜಿನಲ್ಲಿ ಕಾಣುತ್ತದೆ. ದುಬಾರಿ ಬೆಲೆ ಕೊಟ್ಟು ಕೊಳ್ಳುತ್ತಾರೆ, ಪರೀಕ್ಷಿಸಿ ಗುಣಮಟ್ಟದ ನಂಬರ್ ಕೊಡುವ ಸಂಸ್ಥೆಗೆ ಗ್ರೇಡಿಂಗ್‌ಗೆ ಕಳಿಸುತ್ತಾರೆ. ಅದು ನಂಬರೇ ಇಲ್ಲದೆ, ಬಣ್ಣ ಅನುಮಾನಾಸ್ಪದ ಎಂಬ ಷರಾ ಹೊತ್ತು ವಾಪಸ್ ಬರುತ್ತದೆ. ಅಮೆರಿಕದಲ್ಲಿ ನಾಣ್ಯ ಸಂಗ್ರಹಿಸುವ ನಮ್ಮ ಕನ್ನಡಿಗರಿಂದಲೂ ಇದೇ ಗೋಳು ಮತ್ತೆ ಮತ್ತೆ ಕೇಳಿಬರುತ್ತಿದೆ.

ಎಡವುವುದು ಒಂದೇ ಕಡೆ. ಎಲ್ಲರೂ ಬಣ್ಣವನ್ನು ಮೊದಲು ನೋಡುತ್ತಾರೆ. ಬಣ್ಣಕ್ಕೆ ಮನಸೋತ ಮೇಲೆ ಗೀರು ಕಾಣುವುದಿಲ್ಲ, ಸವೆತ ಕಾಣುವುದಿಲ್ಲ, ಅಂಟಿಸಿದ ಮಿಂಟ್ ಮಾರ್ಕ್ (ಯಾವ ಟಂಕಸಾಲೆಯದೆಂದು ತೋರಿಸುವ ಅಕ್ಷರ) ಕೂಡ ಕಾಣುವುದಿಲ್ಲ. ಹಾಗಾಗಿ ಇಲ್ಲಿ ಬಣ್ಣದ ಸರದಿ ಬರುವುದು ಐದನೇ ಹಂತದಲ್ಲಿ. ಅದಕ್ಕೆ ಮುಂಚಿನ ನಾಲ್ಕನ್ನು ಹಾರಿಸಬೇಡಿ.

ಇಲ್ಲಿ ಹೇಳುವುದೆಲ್ಲ 1909ರಿಂದ 1933ರವರೆಗಿನ, ಹಿಂಬದಿಯಲ್ಲಿ ಎರಡು ಗೋಧಿ ತೆನೆ ಇರುವ ಸೆಂಟ್‌ಗಳ ಬಗ್ಗೆ. ಇವುಗಳಲ್ಲಿ 95% ತಾಮ್ರ. ಉಳಿದದ್ದು ತವರ ಮತ್ತು ಸತು.

## ಮೇಜಿನ ಮೇಲೆ ಏನೇನು ಬೇಕು

ಒಂದು ಒಳ್ಳೆಯ ಲೂಪ್, ಐದರಿಂದ ಹತ್ತು ಪಟ್ಟು ದೊಡ್ಡದಾಗಿ ತೋರಿಸುವಂಥದ್ದು. ಅದಕ್ಕಿಂತ ಜಾಸ್ತಿ ಪವರ್ ಬೇಡ. ಸಣ್ಣ ಚುಕ್ಕೆಯೂ ದೊಡ್ಡ ಹಳ್ಳದ ಹಾಗೆ ಕಂಡು ಸುಮ್ನೆ ತಲೆ ಕೆಡುತ್ತದೆ.

ಒಂದೇ ಬಲ್ಬಿನ ಟೇಬಲ್ ಲ್ಯಾಂಪ್. ಹಳೆಯ ಕಾಲದ ಹಳದಿ ಬೆಳಕಿನ ಬಲ್ಬ್ ಆದರೆ ಇನ್ನೂ ಒಳ್ಳೆಯದು. ಟ್ಯೂಬ್‌ಲೈಟ್ ಬೆಳಕು ನಾಲ್ಕೂ ಕಡೆಯಿಂದ ಬಂದು ಗೀರುಗಳನ್ನು ಮುಚ್ಚಿಬಿಡುತ್ತದೆ. ನಾಣ್ಯ ನೋಡುವಾಗ ಕೋಣೆಯ ಉಳಿದ ದೀಪಗಳನ್ನು ಆರಿಸಿ.

ಗ್ರಾಮಿನ ನೂರನೇ ಭಾಗ ತೋರಿಸುವ ಚಿಕ್ಕ ತಕ್ಕಡಿ. ಮೇಜಿನ ಮೇಲೆ ಹಾಸಲು ಮೆತ್ತನೆಯ ಬಟ್ಟೆ. ನಾಣ್ಯ ಹಾಕಿಡುವ, ಪಿವಿಸಿ ಇಲ್ಲದ ಪ್ಲಾಸ್ಟಿಕ್ ಫ್ಲಿಪ್‌ಗಳು. ಇವುಗಳ ಜೊತೆ, ನಿಜವಾಗಿಯೂ ಸಹಜವಾಗಿ ಕಂದಾದ ಒಂದೆರಡು ಅಗ್ಗದ ಸೆಂಟ್‌ಗಳನ್ನು ಹೋಲಿಕೆಗೆ ಇಟ್ಟುಕೊಳ್ಳಿ. ಈ ಕೊನೆಯದನ್ನು ಯಾರೂ ಇಟ್ಟುಕೊಳ್ಳುವುದಿಲ್ಲ. ಆದರೆ ಕಣ್ಣು ಪಳಗುವುದು ಇವುಗಳಿಂದಲೇ.

## ಹಂತ 1: ಅಂಚು ಹಿಡಿಯಿರಿ, ಬಾಯಿ ಮುಚ್ಚಿರಿ

ಹೆಬ್ಬೆರಳು ಮತ್ತು ತೋರುಬೆರಳಿನಿಂದ ಅಂಚನ್ನು ಮಾತ್ರ ಹಿಡಿಯಿರಿ. ತಾಮ್ರದ ಮೇಲೆ ಬಿದ್ದ ಬೆರಳಚ್ಚು ಮೊದಲ ದಿನ ಕಾಣದೆ ಇರಬಹುದು. ದಿನ ಕಳೆದಂತೆ ಅದು ಲೋಹವನ್ನು ತಿಂದು ಅಲ್ಲೇ ಕೂರುತ್ತದೆ, ಮತ್ತೆ ಹೋಗುವುದಿಲ್ಲ.

ನಾಣ್ಯ ಕೈಯಲ್ಲಿದ್ದಾಗ ಮಾತು ಬೇಡ. ಸಿಡಿದ ಎಂಜಲಿನ ಸಣ್ಣ ಹನಿ ಮುಂದೆ ಕಪ್ಪು ಚುಕ್ಕೆಯಾಗುತ್ತದೆ. ಹಳೆಯ ಸೆಂಟ್‌ಗಳ ಮೇಲಿನ ಎಷ್ಟೋ ಕಪ್ಪು ಚುಕ್ಕೆಗಳು ಹುಟ್ಟಿದ್ದು ಹೀಗೆ.

## ಹಂತ 2: ನಾಣ್ಯ ಅಸಲಿಯೇ ನೋಡಿ

ಮೊದಲು ತೂಕ. ಸರಿಯಾದ ತೂಕ 3.11 ಗ್ರಾಂ. 0.13 ಗ್ರಾಂ ಆಚೀಚೆ ಇದ್ದರೆ ಟಂಕಸಾಲೆಯೇ ಒಪ್ಪುತ್ತಿತ್ತು. ಅದನ್ನೂ ಮೀರಿದರೆ ಅನುಮಾನ ಶುರುವಾಗಬೇಕು. ಹಾಗಂತ ತೂಕ ಸರಿಯಿದೆ ಎಂದ ಮಾತ್ರಕ್ಕೆ ಅಸಲಿ ಎಂದಾಗುವುದಿಲ್ಲ. ಅಸಲಿ ನಾಣ್ಯವನ್ನೇ ತಿದ್ದಿ ಮಾಡಿದ ಮೋಸಗಳೇ ಇಲ್ಲಿ ಜಾಸ್ತಿ.

1909-ಎಸ್ ವಿಡಿಬಿ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಮುದ್ರಣವಾದದ್ದು 4,84,000 ಮಾತ್ರ. ವಿನ್ಯಾಸಕಾರ ವಿಕ್ಟರ್ ಡೇವಿಡ್ ಬ್ರೆನ್ನರ್ ಅವರ ವಿ.ಡಿ.ಬಿ. ಅಕ್ಷರಗಳು ಹಿಂಬದಿಯ ಕೆಳತುದಿಯಲ್ಲಿರುತ್ತವೆ. ಫಿಲಡೆಲ್ಫಿಯಾದ ಸಾಮಾನ್ಯ 1909 ವಿಡಿಬಿಗೆ ಒಂದು 'ಎಸ್' ಅಂಟಿಸಿ ಮಾರುವುದು ಹಳೆಯ ಆಟ. ಅಸಲಿ ಎಸ್‌ನ ಎರಡೂ ತುದಿಗಳು ನೇರವಾಗಿ, ಒಂದಕ್ಕೊಂದು ಸಮಾನಾಂತರವಾಗಿ ನಿಂತಿರುತ್ತವೆ. ಮೇಲಿನ ಸುರುಳಿಯೊಳಗೆ ಒಂದು ಸಣ್ಣ ಉಬ್ಬು ಇರುತ್ತದೆ. ಅಕ್ಷರದ ಬುಡದ ಸುತ್ತ ಗೆರೆಯಂಥ ಸಂದು ಕಂಡರೆ ಅಲ್ಲಿಗೇ ಬಿಡಿ.

1914-ಡಿ (ಡಿ ಎಂದರೆ ಡೆನ್ವರ್). 1944-ಡಿ ನಾಣ್ಯದ ಮೊದಲ ನಾಲ್ಕನ್ನು ಕೆತ್ತಿ ಒಂದು ಮಾಡುತ್ತಾರೆ. ಹಾಗೆ ಮಾಡಿದಾಗ 9ಕ್ಕೂ 1ಕ್ಕೂ ನಡುವೆ ಜಾಗ ಜಾಸ್ತಿ ಉಳಿಯುತ್ತದೆ. ಇನ್ನೊಂದು ಸುಳಿವು ಲಿಂಕನ್ ಭುಜದ ಕೆಳಗೆ ಸಿಗುತ್ತದೆ. ಅಲ್ಲಿ ವಿ.ಡಿ.ಬಿ. ಬಂದದ್ದು 1918ರಲ್ಲಿ. 1914ರ ನಾಣ್ಯದ ಭುಜದ ಮೇಲೆ ಆ ಅಕ್ಷರ ಕಂಡರೆ ಮಾತೇ ಇಲ್ಲ, ನಕಲಿ.

ಡಿ ಇಲ್ಲದ 1922. ಆ ವರ್ಷ ಸೆಂಟ್ ಮುದ್ರಿಸಿದ್ದು ಡೆನ್ವರ್ ಒಂದೇ. ಹಾಗಾಗಿ ಡಿ ಕಾಣದ ನಾಣ್ಯಕ್ಕೆ ಭಾರಿ ಬೆಲೆ. ಸವೆದ ಅಚ್ಚಿನಿಂದ ಡಿ ಮರೆಯಾದದ್ದು ಒಂದು, ಯಾರೋ ಕೂತು ಕೆರೆದು ತೆಗೆದದ್ದು ಇನ್ನೊಂದು. ಹೆಚ್ಚು ಬೆಲೆ ಬಾಳುವ ಬಗೆಯಲ್ಲಿ ಹಿಂಬದಿ ತುಂಬ ಸ್ಪಷ್ಟ. ಇಸವಿಯ ಕೊನೆಯ 2 ಅದರ ಹಿಂದಿನ 2ಕ್ಕಿಂತ ಚೂಪಾಗಿ ಕಾಣುತ್ತದೆ. ಡಿ ಇರಬೇಕಾದ ಜಾಗದಲ್ಲಿ ಬೆಳಕನ್ನು ಓರೆಯಾಗಿ ಬಿಟ್ಟು ಕೆರೆತದ ಗುರುತು ಹುಡುಕಿ.

ಬಣ್ಣ ಇಂಥ ತಿದ್ದುಪಡಿಯನ್ನು ಮುಚ್ಚುವ ಪರದೆಯೂ ಆಗಬಹುದು. ಮಿಂಟ್ ಮಾರ್ಕಿನ ಸುತ್ತ ಮಾತ್ರ ಕಡುಬಣ್ಣ ಗುಂಪುಗೂಡಿದ್ದರೆ ಏಕೆ ಎಂದು ಕೇಳಿಕೊಳ್ಳಿ.

## ಹಂತ 3: ಸವೆತ ಅಳೆಯಿರಿ

ಮುಂಬದಿಯಲ್ಲಿ ಲಿಂಕನ್ ಕೆನ್ನೆಯ ಮೂಳೆ, ದವಡೆ, ಕಿವಿಯ ಮೇಲಿನ ಕೂದಲು. ಹಿಂಬದಿಯಲ್ಲಿ ಗೋಧಿ ತೆನೆಯ ಗೆರೆಗಳು. ಸವೆತ ಮೊದಲು ತಾಗುವುದು ಇಲ್ಲಿಗೇ.

ಗ್ರೇಡ್ ಅಳತೆ 1ರಿಂದ 70ರವರೆಗೆ. ತೆನೆಯ ಗೆರೆಗಳೆಲ್ಲ ಹೆಚ್ಚುಕಡಿಮೆ ಅಳಿಸಿ ಅದರ ಆಕಾರ ಮಾತ್ರ ಉಳಿದಿದ್ದರೆ ಜಿ-4. ಮೇಲ್ಭಾಗದ ಗೆರೆಗಳಲ್ಲಿ ಅರ್ಧದಷ್ಟು ಕಂಡರೆ ವಿಜಿ-8, ಬಹುಪಾಲು ಕಂಡರೆ ಎಫ್-12. ಕೆನ್ನೆ ಮತ್ತು ದವಡೆ ಸವೆದಿದ್ದರೂ ಬೇರೆ ಬೇರೆಯಾಗಿ ಕಾಣುತ್ತ, ತೆನೆಯಲ್ಲಿ ಎಲ್ಲೂ ಬೋಳು ಜಾಗವಿಲ್ಲದಿದ್ದರೆ ವಿಎಫ್-20. ಎಲ್ಲ ಗೆರೆಯೂ ಗಟ್ಟಿಯಾಗಿದ್ದು ಎತ್ತರದ ಜಾಗಗಳಲ್ಲಿ ತುಸು ಸವೆತ ಇದ್ದರೆ ಎಕ್ಸ್‌ಎಫ್-40. ಕೆನ್ನೆ, ದವಡೆ, ತೆನೆಯ ತುದಿಗಳಲ್ಲಿ ಮಾತ್ರ ಉಜ್ಜಿದ ಸುಳಿವು ಇದ್ದರೆ ಎಯು-50ರಿಂದ 58. ಸವೆತವೇ ಇಲ್ಲದಿದ್ದರೆ ಎಂಎಸ್-60ರಿಂದ ಮೇಲೆ.

ಬಹಳ ಜನ ಮುಗ್ಗರಿಸುವುದು ಸವೆತಕ್ಕೂ ದುರ್ಬಲ ಮುದ್ರಣಕ್ಕೂ ವ್ಯತ್ಯಾಸ ತಿಳಿಯದೆ. 1920ರ ದಶಕದಲ್ಲಿ ಡೆನ್ವರ್ ಮತ್ತು ಸ್ಯಾನ್ ಫ್ರಾನ್ಸಿಸ್ಕೋದಿಂದ ಬಂದ ಸೆಂಟ್‌ಗಳಲ್ಲಿ ಅರೆಬರೆ ಮುದ್ರಣ ಸಾಮಾನ್ಯ. ಹಿಂಬದಿಯ 'ಒನ್' ಪದದ ಮೊದಲ ಅಕ್ಷರ ಮಸುಕಾಗಿ ಕೂತಿರುತ್ತದೆ, ಏಕೆಂದರೆ ಅದರ ಬೆನ್ನಿಗೇ ಮುಂಬದಿಯ ಭುಜ ಇದೆ. ಲೋಹ ಎರಡೂ ಕಡೆ ಸಾಲದೆ ಹೋಗುತ್ತದೆ.

ಇವೆರಡನ್ನು ಬೇರೆ ಮಾಡುವ ದಾರಿ ಇಷ್ಟೇ. ಮಸುಕಾದ ಜಾಗದ ಮೇಲೆ ಬೆಳಕು ಆಡಿಸಿ. ಸುತ್ತಲಿನ ಹೊಳಪು ಮುರಿಯದೆ ಅಲ್ಲಿಯೂ ಹರಿದರೆ ಅದು ದುರ್ಬಲ ಮುದ್ರಣ. ಆ ಜಾಗ ಮಾತ್ರ ಮಂಕಾಗಿ, ಬೇರೆ ಛಾಯೆಯಲ್ಲಿ ನಿಂತರೆ ಸವೆತ. ಟೋನಿಂಗ್, ಅಂದರೆ ಮೇಲೆ ಕೂತ ಬಣ್ಣ, ಇರುವ ನಾಣ್ಯದಲ್ಲಿ ಇದನ್ನು ನೋಡುವುದು ಕಷ್ಟ, ಆದ್ದರಿಂದ ಇಲ್ಲಿ ಅವಸರ ಬೇಡ. ಎಯು-58 ನಾಣ್ಯದ ಕೆನ್ನೆಯ ಸವೆತವನ್ನು ಒಂದು ಚೆಂದದ ನೇರಳೆ ಛಾಯೆ ಆರಾಮಾಗಿ ಅಡಗಿಸಿ ಎಂಎಸ್-64 ಎಂಬಂತೆ ತೋರಿಸುತ್ತದೆ.

## ಹಂತ 4: ಹೊಳಪು ಮತ್ತು ಗೀರು

ನಾಣ್ಯವನ್ನು ದೀಪದ ಕೆಳಗೆ ನಿಧಾನವಾಗಿ ವಾಲಿಸಿ, ಸುತ್ತಿಸಿ. ಅಚ್ಚಿನ ಒತ್ತಡಕ್ಕೆ ಲೋಹ ಹೊರಮುಖವಾಗಿ ಹರಿದ ಸೂಕ್ಷ್ಮ ಗೆರೆಗಳಿಂದ ಬೆಳಕಿನ ಪಟ್ಟಿಯೊಂದು ಚಕ್ರದ ಕಡ್ಡಿಗಳಂತೆ ಸುತ್ತಬೇಕು. ಇದೇ ಅಸಲಿ ಹೊಳಪು. ಸಹಜ ಟೋನಿಂಗ್ ಈ ಹೊಳಪಿನ ಮೇಲೆ ತೆಳುವಾಗಿ ಕೂತಿರುತ್ತದೆ, ಹೊಳಪು ಅದರ ಕೆಳಗಿನಿಂದ ಕಾಣುತ್ತದೆ.

ಬೆಳಕು ಸುತ್ತದೆ, ಇಡೀ ಮುಖ ಒಂದೇ ಸಲ ಥಳಥಳಿಸಿದರೆ ಅದು ಉಜ್ಜಿದ ಹೊಳಪು. ಲೂಪ್ ಹಿಡಿದರೆ ಕೂದಲೆಳೆಯಂಥ ಗೀರುಗಳು ಒಂದೇ ದಿಕ್ಕಿನಲ್ಲಿ ಓಡುತ್ತಿರುತ್ತವೆ. ಇಂಥ ನಾಣ್ಯ ಎಷ್ಟೇ ಬಣ್ಣ ಬಂದಿರಲಿ, ಪಕ್ಕಕ್ಕೆ ಇಡಿ.

ಒಂದು ಗೀರು ಸಿಕ್ಕಿದರೆ ಅದರ ತಳ ನೋಡಿ. ತಳದಲ್ಲಿ ಹೊಸ ತಾಮ್ರ ಕಂಡರೆ ಬಣ್ಣ ಬಂದ ಮೇಲೆ ಗೀರು ಬಿದ್ದಿದೆ. ಗೀರಿನ ಒಳಗೂ ಅದೇ ಬಣ್ಣ ಇಳಿದಿದ್ದರೆ ಗೀರು ಮೊದಲು, ಬಣ್ಣ ಆಮೇಲೆ. ಉಜ್ಜಿದ ಗೀರುಗಳು ತುಂಬ ಇದ್ದು, ಎಲ್ಲದರ ಒಳಗೂ ಗಾಢ ನೀಲಿ ತುಂಬಿಕೊಂಡಿದ್ದರೆ ಕಥೆ ಸ್ಪಷ್ಟ ಅಲ್ವಾ? ಯಾರೋ ಉಜ್ಜಿದರು, ಪೆಚ್ಚಾಗಿ ಕಂಡಿತು, ಬಣ್ಣ ಬರಿಸಿದರು.

## ಹಂತ 5: ಕೆಂಪೋ, ಕೆಂಪು-ಕಂದೋ, ಕಂದೋ

ಪಿಸಿಜಿಎಸ್, ಎನ್‌ಜಿಸಿಯಂಥ ಗ್ರೇಡಿಂಗ್ ಸಂಸ್ಥೆಗಳು ಎಂಎಸ್ ಮಟ್ಟದ ತಾಮ್ರಕ್ಕೆ ಮೂರು ಹೆಸರು ಕೊಡುತ್ತವೆ. ಪಿಸಿಜಿಎಸ್ ಲೆಕ್ಕದಲ್ಲಿ, ಟಂಕಸಾಲೆಯಿಂದ ಹೊರಬಂದಾಗಿನ ಕೆಂಪು 95% ಅಥವಾ ಅದಕ್ಕಿಂತ ಜಾಸ್ತಿ ಉಳಿದಿದ್ದರೆ ಆರ್‌ಡಿ. 5%ಕ್ಕಿಂತ ಕಡಿಮೆ ಉಳಿದಿದ್ದರೆ ಬಿಎನ್. ನಡುವಿನದೆಲ್ಲ ಆರ್‌ಬಿ.

ಲೇಬಲ್ಲಿನಲ್ಲಿ ನೀಲಿ, ನೇರಳೆ ಎಂದು ಹೇಳಲು ಜಾಗವೇ ಇಲ್ಲ ಎಂಬುದನ್ನು ಮರೆಯಬೇಡಿ. ಕಾಮನಬಿಲ್ಲಿನ ಬಣ್ಣವಿರುವ ಸೆಂಟ್ ಸಾಮಾನ್ಯವಾಗಿ ಬಿಎನ್ ಅಥವಾ ಆರ್‌ಬಿ ಎಂದೇ ಬರುತ್ತದೆ. ಬಿಎನ್ ಎಂದು ಕಂಡ ಕೂಡಲೇ ಮುಖ ತಿರುಗಿಸಿದರೆ ಒಳ್ಳೆಯ ನಾಣ್ಯಗಳು ಕೈತಪ್ಪುತ್ತವೆ. ನನ್ನ ಮಟ್ಟಿಗೆ, ಸರಿಯಾದ ಹೊಳಪಿರುವ ಎಂಎಸ್-65 ಬಿಎನ್ ಚುಕ್ಕೆಬಿದ್ದ ಎಂಎಸ್-64 ಆರ್‌ಡಿಗಿಂತ ಎಷ್ಟೋ ಮೇಲು, ಬೆಲೆಯೂ ಕಡಿಮೆ.

ಅಪರೂಪದ ಇಸವಿಗಳಲ್ಲಿ ಕೆಂಪಿಗೂ ಕಂದಿಗೂ ಬೆಲೆ ಹಲವು ಪಟ್ಟು ಬೇರೆ. 1926-ಎಸ್ ಅಂಥದ್ದು. ಸವೆದದ್ದು ಸುಲಭವಾಗಿ ಸಿಗುತ್ತದೆ, ಒಳ್ಳೆಯ ಗ್ರೇಡಿನ ಪೂರ್ತಿ ಕೆಂಪು ಸಿಗುವುದು ತೀರಾ ವಿರಳ. ಬಣ್ಣ ತಿದ್ದುವವರ ಆಸೆ ಹುಟ್ಟುವುದೂ ಇಲ್ಲೇ.

## ಹಂತ 6: ಬಣ್ಣ ತಾನಾಗಿ ಬಂದದ್ದೇ?

ಗಾಳಿಯ ಆಮ್ಲಜನಕ, ಕಾಗದ ಮತ್ತು ರಟ್ಟಿನಲ್ಲಿರುವ ಗಂಧಕ, ತೇವ ಇವೆಲ್ಲ ಸೇರಿ ತಾಮ್ರದ ಮೇಲೆ ತೀರಾ ತೆಳುವಾದ ಪೊರೆ ಬೆಳೆಸುತ್ತವೆ. ಪೊರೆಯ ದಪ್ಪ ಬದಲಾದಂತೆ ಅದರಿಂದ ಹಿಂತಿರುಗುವ ಬೆಳಕಿನ ಬಣ್ಣ ಬದಲಾಗುತ್ತದೆ. ನೀರಿನ ಮೇಲೆ ಹರಡಿದ ಪೆಟ್ರೋಲ್ ಬಣ್ಣ ತೋರುವುದೂ ಇದೇ ಕಾರಣಕ್ಕೆ. ಪೊರೆ ಒಂದೇ ಸಲ ದಪ್ಪವಾಗುವುದಿಲ್ಲ. ಆದ್ದರಿಂದ ಸಹಜ ಟೋನಿಂಗ್‌ನಲ್ಲಿ ಕಿತ್ತಳೆ, ಕೆಂಪು, ನೇರಳೆ, ನೀಲಿ ಒಂದರ ಪಕ್ಕ ಒಂದು ಬಂದು, ಗಡಿಯೇ ಗೊತ್ತಾಗದ ಹಾಗೆ ಬೆರೆಯುತ್ತವೆ.

ಬಣ್ಣಕ್ಕೆ ಒಂದು ಮೂಲ ಇರಬೇಕು. ಹಳೆಯ ರಟ್ಟಿನ ಆಲ್ಬಂನಲ್ಲಿದ್ದ ನಾಣ್ಯಕ್ಕೆ ಅಂಚಿನಿಂದ ಒಳಕ್ಕೆ ಬಳೆಯಾಕಾರದಲ್ಲಿ ಬಣ್ಣ ಏರುತ್ತದೆ. ಕಾಗದದ ಸುರುಳಿಯಲ್ಲಿ ಕಟ್ಟಿಟ್ಟಿದ್ದರೆ ಕೊನೆಯ ನಾಣ್ಯದ ಒಂದೇ ಮುಖಕ್ಕೆ ಜಾಸ್ತಿ ಬಣ್ಣ. ಕಾಗದದ ಲಕೋಟೆಯಲ್ಲಿದ್ದದ್ದಕ್ಕೆ ಹರಡಿದ, ಸಮನಾದ ಛಾಯೆ. ಮುಂದಿರುವ ಬಣ್ಣ ಇವುಗಳಲ್ಲಿ ಯಾವುದರಿಂದ ಬಂದಿರಬಹುದು ಎಂದು ಊಹಿಸಲು ಆಗದಿದ್ದರೆ ಕೈ ಹಿಂದೆ ತೆಗೆಯಿರಿ.

ಈ ಕೆಳಗಿನವು ಅಪಾಯದ ಸುಳಿವುಗಳು:

- ಎರಡೂ ಮುಖದಲ್ಲಿ ಒಂದೇ ಥರದ, ಒಂದೇ ಗಾಢತೆಯ ನೀಲಿ ಅಥವಾ ನೇರಳೆ. ನಾಣ್ಯ ಹೊಳಪಿಸುವ ಕೆಲವು ದ್ರಾವಣಗಳಲ್ಲಿ ಕಂದು ಸೆಂಟ್ ಅದ್ದಿದರೆ ಥಟ್ಟನೆ ಈ ಬಣ್ಣ ಬರುತ್ತದೆ.
- ದ್ರವ ಹರಿದು ನಿಂತಂತೆ ಅಂಚುಳ್ಳ ಕಲೆಗಳು.
- ಚೆನ್ನಾಗಿ ಸವೆದ, ವಿಎಫ್ ಮಟ್ಟದ ನಾಣ್ಯದ ಮೇಲೆ ಪ್ರಖರ ಕಾಮನಬಿಲ್ಲು. ಜೇಬಿನಲ್ಲಿ ಸುತ್ತಾಡಿದ ತಾಮ್ರ ಕಂದಾಗುತ್ತದೆ, ಹೀಗೆ ಮಿನುಗುವುದಿಲ್ಲ.
- ಅಕ್ಷರಗಳ ಸಂದಿನಲ್ಲೂ ಎತ್ತರದ ಜಾಗದಲ್ಲೂ ಬಣ್ಣ ಒಂದೇ ಸಮ.
- ಗುಲಾಬಿ ಮಿಶ್ರಿತ ಹಸಿ ಕಿತ್ತಳೆ. ಇದು ಆಮ್ಲದಲ್ಲಿ ಅದ್ದಿ ಪೊರೆ ತೆಗೆದ ಗುರುತು. ಅಸಲಿ ಕೆಂಪಿಗೆ ಚಿನ್ನದ ಛಾಯೆ ಬೆರೆತಿರುತ್ತದೆ.
- ಒಬ್ಬನೇ ವ್ಯಾಪಾರಿಯ ಹತ್ತಿರ ಬೇರೆ ಬೇರೆ ಇಸವಿಯ, ಒಂದೇ ಬಣ್ಣದ ರಾಶಿ ನಾಣ್ಯ.

ಈ ಪಟ್ಟಿಗೆ ಎರಡು ವಿನಾಯಿತಿ ಇವೆ. 1909ರಿಂದ 1916ರವರೆಗೆ ಫಿಲಡೆಲ್ಫಿಯಾದಲ್ಲಿ ಸಂಗ್ರಾಹಕರಿಗೆಂದೇ ಮಾಡಿದ ಮ್ಯಾಟ್ ಪ್ರೂಫ್ ಸೆಂಟ್‌ಗಳನ್ನು ತೆಳು ಟಿಶ್ಯೂ ಕಾಗದದಲ್ಲಿ ಸುತ್ತಿ ಕೊಡುತ್ತಿದ್ದರು. ಆ ಕಾಗದದಿಂದ ನೀಲಿ, ನೇರಳೆ ಸಹಜವಾಗಿಯೇ ಬಂದಿರುತ್ತದೆ. ಅಂಚು ಚೂಪಾಗಿ ಚೌಕವಾಗಿದ್ದು, ಮೇಲ್ಮೈ ನುಣ್ಣನೆ ತರಿತರಿಯಾಗಿದ್ದರೆ ಬಣ್ಣವೊಂದನ್ನೇ ಹಿಡಿದು ತಳ್ಳಿಹಾಕಬೇಡಿ.

ಇನ್ನೊಂದು, ಆರಂಭದ ವರ್ಷಗಳ ಎಸ್ ಸೆಂಟ್‌ಗಳಲ್ಲಿ ಕಾಣುವ ಮರದ ಹಲಗೆಯಂಥ ಉದ್ದುದ್ದ ಪಟ್ಟೆಗಳು. ಲೋಹ ಕರಗಿಸುವಾಗ ಸರಿಯಾಗಿ ಬೆರೆಯದ ಮಿಶ್ರಣ ತಗಡಿನ ಜೊತೆಗೇ ಎಳೆದುಕೊಂಡು ಬಂದು ಹೀಗಾಗುತ್ತದೆ. ಪಟ್ಟೆಗಳು ಒಂದೇ ದಿಕ್ಕಿನಲ್ಲಿ, ಮುಖ ಮತ್ತು ಅಕ್ಷರಗಳ ಮೇಲೂ ಹಾದು ಹೋಗುತ್ತವೆ. ಇದು ದೋಷವಲ್ಲ. ಇದನ್ನೇ ಹುಡುಕಿ ಕೊಳ್ಳುವವರೂ ಇದ್ದಾರೆ.

## ಹಂತ 7: ಫೋಟೋ ನೋಡಿ ಕೊಳ್ಳುವಾಗ

ತಾಮ್ರದ ಟೋನಿಂಗ್ ಎಲ್ಲ ಕೋನದಿಂದಲೂ ಕಾಣುವುದಿಲ್ಲ. ನೇರ ನೋಡಿದರೆ ಸಾದಾ ಕಂದು, ವಾಲಿಸಿದರೆ ನೇರಳೆ. ಫೋಟೋ ತೆಗೆಯುವವನು ಆ ಒಂದು ಕೋನವನ್ನೇ ಹಿಡಿದಿರುತ್ತಾನೆ. ಅದು ಮೋಸವಲ್ಲ, ಆದರೆ ನಿಮ್ಮ ಕೈಗೆ ಬರುವುದು ಕಂದು ನಾಣ್ಯ. ವಾಲಿಸಿ ತೆಗೆದ ವಿಡಿಯೋ ಕೇಳಿ. ಕೊಡಲು ಒಪ್ಪದಿದ್ದರೆ ಬಿಟ್ಟುಬಿಡಿ.

ಬಣ್ಣ ಏರಿಸಿದ ಫೋಟೋ ಹಿಡಿಯಲು ನಾಣ್ಯದ ಸುತ್ತಲಿನದನ್ನು ನೋಡಿ. ಬಿಳಿ ಕಾಗದ ನೀಲಿಯಾಗಿದೆಯೇ? ಸ್ಲ್ಯಾಬಿನ (ಗ್ರೇಡಿಂಗ್ ಸಂಸ್ಥೆ ನಾಣ್ಯವನ್ನು ಮುಚ್ಚಿ ಕೊಡುವ ಪ್ಲಾಸ್ಟಿಕ್ ಪೆಟ್ಟಿಗೆಯ) ಲೇಬಲ್ ಬಣ್ಣ ನಿಮ್ಮ ಹತ್ತಿರವಿರುವ ಅದೇ ಕಂಪನಿಯ ಲೇಬಲ್‌ಗಿಂತ ಗಾಢವಾಗಿದೆಯೇ? ಹಾಗಿದ್ದರೆ ನಾಣ್ಯದ ಬಣ್ಣವನ್ನೂ ಅಷ್ಟೇ ಏರಿಸಿದ್ದಾರೆ. ಸ್ಲ್ಯಾಬಿನ ನಂಬರನ್ನು ಕಂಪನಿಯ ವೆಬ್‌ಸೈಟಿನಲ್ಲಿ ಹಾಕಿ, ಅಲ್ಲಿ ಫೋಟೋ ಇದ್ದರೆ ಹೋಲಿಸಿ.

ಸ್ಲ್ಯಾಬಿನ ಒಳಗೂ ತಾಮ್ರ ಸುಮ್ಮನಿರುವುದಿಲ್ಲ. ಹಳೆಯ ಸ್ಲ್ಯಾಬಿನಲ್ಲಿ ಲೇಬಲ್ ಆರ್‌ಡಿ ಎನ್ನುತ್ತದೆ, ನಾಣ್ಯ ಆರ್‌ಬಿ ಆಗಿ ಕೂತಿರುತ್ತದೆ. ದುಡ್ಡು ಕೊಡುವುದು ನಾಣ್ಯಕ್ಕೆ, ಲೇಬಲ್‌ಗಲ್ಲ.

## ಹಂತ 8: ತೊಳೆಯುವ ಆಸೆ ಬಿಡಿ

ತಾಮ್ರದ ಚೊಂಬು ಮಂಕಾದರೆ ಹುಣಸೆಹಣ್ಣು, ಉಪ್ಪು, ಪೀತಾಂಬರಿ ಕೈಗೆ ತೆಗೆದುಕೊಳ್ಳುವ ಅಭ್ಯಾಸ ನಮಗೆ. ನಾಣ್ಯಕ್ಕೆ ಇದರಷ್ಟು ದೊಡ್ಡ ಶತ್ರು ಇನ್ನೊಂದಿಲ್ಲ. ಹುಣಸೆಯ ಹುಳಿ ಪೊರೆಯ ಜೊತೆ ಅಸಲಿ ಮೇಲ್ಮೈಯನ್ನೂ ಎಳೆದೊಯ್ಯುತ್ತದೆ. ಆಮೇಲೆ ಉಳಿಯುವುದು ಹಿಂದೆ ಹೇಳಿದ ಆ ಗುಲಾಬಿ ಕಿತ್ತಳೆ. ನಿಂಬೆರಸ, ವಿನೆಗರ್, ಟೂತ್‌ಪೇಸ್ಟ್ ಎಲ್ಲಕ್ಕೂ ಇದೇ ಮಾತು. ಊರಿನ ಮನೆಗೆ ನಾಣ್ಯ ತಂದಿಟ್ಟರೆ ಈ ವಿಷಯ ಮನೆಯವರಿಗೂ ಹೇಳಿಡಿ. ಪ್ರೀತಿಯಿಂದಲೇ ಉಜ್ಜಿಬಿಡುತ್ತಾರೆ.

ಒಂದೇ ಒಂದು ಸಂದರ್ಭದಲ್ಲಿ ಕೈ ಹಾಕಬಹುದು. ಪಿವಿಸಿ ಫ್ಲಿಪ್‌ನಿಂದ ಬಂದ ಅಂಟಂಟಾದ ಹಸಿರು ಜಿಡ್ಡು. ಬಿಟ್ಟರೆ ಅದು ಲೋಹವನ್ನು ತಿನ್ನುತ್ತದೆ. ಶುದ್ಧ ಅಸಿಟೋನ್ ಗಾಜಿನ ಬಟ್ಟಲಿಗೆ ಹಾಕಿ, ನಾಣ್ಯವನ್ನು ಸ್ವಲ್ಪ ಹೊತ್ತು ಮುಳುಗಿಸಿ, ಹೊಸ ಅಸಿಟೋನಿನಲ್ಲಿ ಇನ್ನೊಮ್ಮೆ ಅದ್ದಿ, ಹಾಗೇ ಆರಲು ಬಿಡಿ. ಉಜ್ಜಬೇಡಿ, ಒರೆಸಬೇಡಿ. ಕಿಟಕಿ ತೆರೆದಿರಲಿ, ಹತ್ತಿರ ಬೆಂಕಿ ಇರಬಾರದು. ಬಿಸಿಲಿನಲ್ಲಿ ಈ ಕೆಲಸ ಬೇಡ, ರಾತ್ರಿಯಿಡೀ ನೆನೆಸಿಡುವುದೂ ಬೇಡ. ಉಗುರುಬಣ್ಣ ತೆಗೆಯುವ ದ್ರಾವಣ ಬಳಸಬೇಡಿ, ಅದರಲ್ಲಿ ಎಣ್ಣೆ, ಬಣ್ಣ ಎಲ್ಲ ಸೇರಿರುತ್ತದೆ.

ಗಟ್ಟಿಯಾಗಿ ಹೆಪ್ಪುಗಟ್ಟಿದ ಕಿಲುಬು ಬೇರೆ. ಅದು ಅಸಿಟೋನಿಗೆ ಬಗ್ಗುವುದಿಲ್ಲ. ಕೆರೆದರೆ ಕೆಳಗೆ ಗುಂಡಿ ಸಿಗುತ್ತದೆ. ಇರುವ ಹಾಗೇ ಬಿಡಿ, ಬೇರೆ ನಾಣ್ಯಗಳಿಂದ ದೂರ ಇಡಿ.

## ಹಂತ 9: ಗ್ರೇಡಿಂಗ್‌ಗೆ ಯಾವುದನ್ನು ಕಳಿಸಬೇಕು

ಶುಲ್ಕ, ಅಂಚೆ, ವಿಮೆ ಸೇರಿಸಿ ಲೆಕ್ಕ ಹಾಕಿ. ನೀವು ಊಹಿಸಿದ ಗ್ರೇಡಿಗಿಂತ ಒಂದು ಮೆಟ್ಟಿಲು ಕೆಳಗೆ ಬಂದರೂ ನಷ್ಟವಿಲ್ಲ ಎಂದಾದರೆ ಮಾತ್ರ ಕಳಿಸಿ. 1919ರಂಥ ಕೋಟಿಗಟ್ಟಲೆ ಮುದ್ರಣವಾದ ಇಸವಿಯ ಸವೆದ ಸೆಂಟ್ ಕಳಿಸುವುದು ದಂಡ.

ಮೊದಲು ನಿಮ್ಮದೇ ಗ್ರೇಡನ್ನು ಚೀಟಿಯಲ್ಲಿ ಬರೆದಿಡಿ: ಸವೆತ, ಹೊಳಪು, ಮುದ್ರಣ, ಬಣ್ಣದ ವಿಭಾಗ, ಬಣ್ಣ ಸಹಜವೋ ಅಲ್ಲವೋ. ವಾಪಸ್ ಬಂದಾಗ ಹೋಲಿಸಿ. ನಿಮ್ಮ ಕಣ್ಣು ಯಾವ ಹಂತದಲ್ಲಿ ತಪ್ಪುತ್ತಿದೆ ಎಂದು ಇದರಿಂದ ನೇರವಾಗಿ ಗೊತ್ತಾಗುತ್ತದೆ.

ಸಹಜ ಎಂದು ನೀವು ನಂಬಿದ ಬಣ್ಣವನ್ನು ಅವರು ಒಪ್ಪದೆ ಇರಬಹುದು. ಬಣ್ಣದ ವಿಷಯದಲ್ಲಿ ಪರಿಣತರ ನಡುವೆಯೇ ಒಮ್ಮತ ಇರುವುದಿಲ್ಲ. ಬಣ್ಣದ ಬಗ್ಗೆ ಸ್ವಲ್ಪ ಅನುಮಾನ ಇರುವ ನಾಣ್ಯವನ್ನು ಸ್ಲ್ಯಾಬ್ ಇಲ್ಲದೆ ಕೊಳ್ಳುವಾಗ ಬೆಲೆಯನ್ನು ಸಾದಾ ಕಂದು ನಾಣ್ಯದ ಮಟ್ಟಕ್ಕೆ ಇಳಿಸಿಯೇ ಮಾತಾಡಿ.

## ಹಂತ 10: ಇಡುವುದು

ಪಿವಿಸಿ ಫ್ಲಿಪ್, ರಬ್ಬರ್ ಬ್ಯಾಂಡ್, ಮರದ ಪೆಟ್ಟಿಗೆ, ಹೊಸ ರಟ್ಟು ಯಾವುದೂ ಬೇಡ. ರಟ್ಟಿನ ಹೋಲ್ಡರ್ ಬಳಸಲೇಬೇಕಾದರೆ ಸ್ಟೇಪಲ್ ಪಿನ್ನುಗಳನ್ನು ಚಪ್ಪಟೆ ಮಾಡಿ, ಇಲ್ಲದಿದ್ದರೆ ಪಕ್ಕದ ನಾಣ್ಯಕ್ಕೆ ಗೀರು. ಗಟ್ಟಿ ಪ್ಲಾಸ್ಟಿಕ್ಕಿನ ಗಾಳಿಯಾಡದ ಕ್ಯಾಪ್ಸೂಲ್ ಒಳ್ಳೆಯದು.

ತೇವವೇ ಮುಖ್ಯ ವೈರಿ. ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಇಟ್ಟು, ಅದು ಬಣ್ಣ ಬದಲಿಸಿದಾಗ ಹೊಸದು ಹಾಕಿ. ಫ್ಲಾರಿಡಾದ ಬೇಸಿಗೆಯಲ್ಲೂ ಮಂಗಳೂರು, ಉಡುಪಿಯ ಮಳೆಗಾಲದಲ್ಲೂ ಈ ಪೊಟ್ಟಣ ಬೇಗ ಕೆಲಸ ಮುಗಿಸುತ್ತದೆ, ಆಗಾಗ ತೆರೆದು ನೋಡಿ. ರೇಷ್ಮೆ ಸೀರೆಗೆಂದು ನುಸಿಗುಳಿಗೆ ಹಾಕಿರುವ ಬೀರುವಿನಲ್ಲಿ ನಾಣ್ಯ ಇಡಬೇಡಿ.

ವರ್ಷಕ್ಕೆ ಒಂದೆರಡು ಸಲ ಅದೇ ದೀಪ, ಅದೇ ಕೋನದಲ್ಲಿ ಪ್ರತಿ ನಾಣ್ಯದ ಫೋಟೋ ತೆಗೆದು ಹಿಂದಿನದರ ಜೊತೆ ಇಟ್ಟು ನೋಡಿ. ಹೊಸ ಕಪ್ಪು ಚುಕ್ಕೆ ಅಥವಾ ಹಸಿರು ಅಂಚು ಕಾಣಿಸಿಕೊಂಡ ನಾಣ್ಯವನ್ನು ಅಂದೇ ಬೇರೆ ಡಬ್ಬಿಗೆ ಹಾಕಿ, ಅದು ಇದ್ದ ಫ್ಲಿಪ್ಪನ್ನು ಎಸೆಯಿರಿ.